ಮೈಕ್‌ಸೆಟ್ ಹಲೋ ಮತ್ತು ನೀರು ಕುಡಿಯದ ಮಗಳು

ಹೋದ ವರ್ಷದ ಸ್ವಾತಂತ್ರ್ಯ ದಿನದ ಮೈಕಿನ ಬಾಡಿಗೆಯನ್ನು ಪುರಸಭೆ ಹಲೋಗೆ ಇನ್ನೂ ಕೊಟ್ಟಿಲ್ಲ. ಇನ್ನು ಕೊಡುವುದೂ ಇಲ್ಲ, ಅವತ್ತು ನಡೆದದ್ದು ಹಾಗಿದೆ. ಕೇಳಲು ಹೋದರೆ ಗುಮಾಸ್ತ ಕುರ್ಚಿಯಲ್ಲೇ ಅರ್ಧ ತಿರುಗಿ, "ದೇಶದ ಕೆಲಸಕ್ಕೂ ಬಾಡಿಗೆ ಕೇಳ್ತೀಯಲ್ಲಪ್ಪ, ನಾಚಿಕೆ ಆಗಲ್ವಾ?" ಎನ್ನುತ್ತಾನೆ. ರಜೆಯ ದಿನ ದುಡಿದೆನೆಂದು ಅದೇ ಗುಮಾಸ್ತ ಭತ್ಯೆ ಬರೆಸಿಕೊಂಡು ಜೇಬಿಗೆ ಇಳಿಸಿ ಆಗಿದೆ. ಹಲೋಗೆ ನಾಚಿಕೆಯೇನೂ ಆಗುವುದಿಲ್ಲ, ಸೋಜಿಗ ಆಗುತ್ತದೆ. ದೇಶದ ಕೆಲಸ ಎಂದರೆ ಯಾವುದು, ಅದನ್ನು ಮಾಡುವವರಲ್ಲಿ ಕೆಲವರಿಗೆ ಮಾತ್ರ ಭತ್ಯೆ ಯಾಕೆ ಎಂದು ಯೋಚಿಸುತ್ತಾ ಮೆಟ್ಟಿಲಿಳಿದು ಬರುತ್ತಾನೆ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಮತದಾರರ ಪಟ್ಟಿ ಬಿಟ್ಟರೆ ಅದನ್ನು ಬಳಸುವವರಿಲ್ಲ. ಊರಿನ ಯಾವ ಸಭೆಯೇ ಆಗಲಿ, ಮೊದಲ ಮಾತು ಅವನದು: "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ." ಅದಕ್ಕೇ ಹಲೋ. ಫೋನಿನಲ್ಲಿ ಯಾರಾದರೂ "ಹಲೋ" ಎಂದರೆ ಇವನು "ಹೂಂ, ನಾನೇ, ಹೇಳಿ" ಎನ್ನುತ್ತಾನೆ.

ಸೈಕಲ್ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಒಂದೇ ಷಟರಿನ ಅಂಗಡಿ ಅವನದು. ಸೂರಿನಿಂದ ಹಾರ್ನುಗಳು ಬಾಯಿ ಕೆಳಗೆ ಮಾಡಿ ನೇತಾಡುತ್ತವೆ. ಕೆಳಗೆ ಒಂದರ ಮೇಲೊಂದು ಪೇರಿಸಿದ ಆಂಪ್ಲಿಫೈಯರ್‌ಗಳು, ಇಲಿ ಕಡಿದು ಗಂಟು ಬಿದ್ದ ವೈರುಗಳು, ಬೆಸುಗೆಯ ಹೊಗೆ ಕುಡಿದು ಹಳದಿಯಾದ ಗೋಡೆ. ಪರದೆ ಸರಿಸಿದರೆ ಹಿಂದೆ ಮನೆ: ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಮಗಳು ಒಬ್ಬಳೇ.

ಬಾಡಿಗೆಗೆ ಬರುವವರಲ್ಲಿ ಅವನಿಗೆ ಮೇಲು ಕೀಳು ಇಲ್ಲ. ಆಳುವ ಪಕ್ಷ, ಅಳುವ ಪಕ್ಷ, ಮದುವೆ ಮನೆ, ಧರಣಿ ಕೂರುವವರು, ಎಲ್ಲರಿಗೂ ಅದೇ ಹಾರ್ನು, ಅದೇ ಬಾಡಿಗೆ. ಬೆಳಿಗ್ಗೆ ಮಂತ್ರಿಗೆ ಜೈ ಎಂದ ಮೈಕೇ ಸಂಜೆ ಅದೇ ಮಂತ್ರಿಗೆ ಧಿಕ್ಕಾರ ಎನ್ನುತ್ತದೆ. "ನಿನಗೆ ಮಾನ ಮರ್ಯಾದೆ ಇಲ್ವೇನೋ?" ಎಂದು ಧರಣಿಯವರೊಬ್ಬರು ಕೇಳಿದಾಗ, "ಮೈಕಿಗೆ ಇಲ್ಲ ಅಣ್ಣ. ನನಗೆ ಇದೆ, ಆದ್ರೆ ಅದನ್ನ ಬಾಡಿಗೆಗೆ ಕೊಡಲ್ಲ" ಎಂದಿದ್ದ. ಆ ಮಾತು ಪೂರ್ತಿ ನಿಜವಲ್ಲ ಎಂದು ಅವನಿಗೂ ಗೊತ್ತಿತ್ತು. ಆ ಕಥೆ ಆಮೇಲೆ.

ಅವನಿಗೊಂದು ಚಟ. ಬೀಡಿಯದಲ್ಲ, ಬಾಟಲಿಯದೂ ಅಲ್ಲ, ಪ್ರಶ್ನೆ ಕೇಳುವ ಚಟ. ವೇದಿಕೆಯ ಪಕ್ಕ ಸ್ಟೂಲಿನ ಮೇಲೆ ಕೂತು ಅವನು ಕೇಳಿದಷ್ಟು ಭಾಷಣವನ್ನು ಊರಿನಲ್ಲಿ ಯಾರೂ ಕೇಳಿಲ್ಲ. ಯಾವ ಭಾಷಣಕಾರನೇ ಆಗಲಿ, "ಸ್ವಾತಂತ್ರ್ಯ" ಎನ್ನುವಾಗ ದನಿ ಏರಿಸುತ್ತಾನೆ. ಆಂಪ್ಲಿಫೈಯರಿನ ಮುಳ್ಳು ಕೆಂಪು ಗೆರೆ ದಾಟಿ ಒದ್ದಾಡುತ್ತದೆ, ಹಲೋ ವಾಲ್ಯೂಮ್ ಇಳಿಸಬೇಕಾಗುತ್ತದೆ. ಇಷ್ಟು ಕಿರುಚಿ ಹೇಳಬೇಕಾದ ಆ ವಸ್ತು ಏನಿರಬಹುದು ಎನ್ನುವುದು ಅವನ ತಲೆಯಲ್ಲಿ ಹೊಕ್ಕ ಹುಳ. ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಯಾರು ಕೈಗೆ ಸಿಕ್ಕಿದರೆ ಅವರನ್ನು ಹಿಡಿದು ನಿಲ್ಲಿಸುತ್ತಿದ್ದ. "ಸಾರ್, ಒಂದು ಡೌಟು. ಸ್ವಾತಂತ್ರ್ಯ ಅಂದ್ರೆ ನಿಮ್ಮ ಲೆಕ್ಕದಲ್ಲಿ ಏನು ಸಾರ್?"

ಪುರಸಭೆಯ ಮುಖ್ಯಾಧಿಕಾರಿ "ಶಿಸ್ತು" ಎಂದು ಕಾರು ಹತ್ತಿದರು. ಅಧ್ಯಕ್ಷರು "ನಿನ್ನ ಓಟು" ಎಂದರು. ಕಾಲೇಜಿನ ಮೇಷ್ಟ್ರೊಬ್ಬರು ಕೈಯಲ್ಲಿದ್ದ ಟೀ ಆರಿ ತಣ್ಣಗಾಗುವ ತನಕ ವಿವರಿಸಿದರು. ಹಲೋ ಅಷ್ಟರಲ್ಲಿ ವೈರೆಲ್ಲ ಸುತ್ತಿ ಮುಗಿಸಿದ್ದ, ಅರ್ಥ ಮಾತ್ರ ಬಿಚ್ಚಿಕೊಂಡಿರಲಿಲ್ಲ. ಧರಣಿಯವರನ್ನು ಕೇಳಿದರೆ "ಇನ್ನೂ ಬಂದಿಲ್ಲ" ಎಂದರು. "ಬಂದಿಲ್ಲ, ಸರಿ. ಬಂದ್ರೆ ಹೇಗಿರುತ್ತೆ? ಇದೇ ಅದು ಅಂತ ಗುರುತು ಹಿಡಿಯೋದು ಹೇಗೆ?" ಎಂದು ಕೇಳಿದ. ಅವರು ಬ್ಯಾನರು ಮಡಚತೊಡಗಿದರು.

ಪೆಂಡಾಲ್ ಹಾಕುವವನು ಮಾತ್ರ ಕಂಬ ಕೀಳುತ್ತಾ ಥಟ್ಟನೆ ಹೇಳಿದ: "ಲೇ ಹಲೋ, ಸ್ವಾತಂತ್ರ್ಯ ಅಂದ್ರೆ ರಜೆ ಕಣೋ. ನಮ್ಮಿಬ್ಬರಿಗೆ ಅದೂ ಇಲ್ಲ. ಹಿಡಿ ಈ ಕಡೆ."

ಇಷ್ಟಾದರೂ ದೇಶದ ವಿಷಯದಲ್ಲಿ ಹಲೋ ಕೊಂಕು ಮಾತಿನವನಲ್ಲ. ಬಾವುಟ ಮೇಲೇರುವಾಗ ರಾಷ್ಟ್ರಗೀತೆ ಹಾಕುವುದು ಅವನ ಕೆಲಸ. ಆ ಗುಂಡಿ ಒತ್ತುವ ಮುಂಚೆ ಕೈ ತೊಳೆದು ಒರೆಸಿಕೊಳ್ಳುತ್ತಿದ್ದ. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ, ಬ್ಯಾಟರಿ ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಬ್ಯಾಟರಿ. ಅವನ ಕೈಯಲ್ಲಿ ಆ ಹಾಡು ಒಮ್ಮೆಯೂ ನಡುವೆ ನಿಂತಿಲ್ಲ. ಹಾಡು ಏರುದನಿಯ ಸಾಲಿಗೆ ಬಂದಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಪ್ರತಿ ವರ್ಷ ಅದೇ ಹಾಡು, ಪ್ರತಿ ವರ್ಷ ಅದೇ ಅಳು. ಒಂದು ವರ್ಷನಾದ್ರೂ ಬಾಡಿಗೆ ಬಂತು ಅಂತ ಅಳ್ರೀ" ಎನ್ನುತ್ತಿದ್ದಳು.

ಈಗ ಅವನ ಇನ್ನೊಂದು ಕಸುಬು ಹೇಳಬೇಕು.

ಮೈಕು ತನ್ನದೇ ಹಾರ್ನಿನ ಸದ್ದನ್ನು ಮತ್ತೆ ಕೇಳಿಸಿಕೊಂಡರೆ ಕುಯ್ಯೋ ಎಂದು ಕಿರುಚುತ್ತದೆ. ನೀವೂ ಕೇಳಿದ್ದೀರಿ, ಕಿವಿ ಮುಚ್ಚಿಕೊಂಡಿದ್ದೀರಿ. ವಾಲ್ಯೂಮನ್ನು ಒಂದು ಹದ ಮೀರಿ ಏರಿಸಿದರೆ ಸಾಕು, ಸ್ಟ್ಯಾಂಡಿನ ಮುಂದೆ ನಿಂತು ಮಾತಾಡುವವರ ಮಾತು ಆ ಕಿರುಚಾಟದಲ್ಲಿ ಮುಳುಗಿ ಹೋಗುತ್ತದೆ. ಜನ ಮೈಕಿನವನನ್ನು ಬೈಯುತ್ತಾರೆ, ಮಾತಾಡುವವರು ಕಕ್ಕಾಬಿಕ್ಕಿಯಾಗಿ ಕೆಳಗಿಳಿಯುತ್ತಾರೆ. ಬಾಯಿ ಮುಚ್ಚಿಸಿದರು ಎಂದು ಯಾರಿಗೂ ಅನ್ನಿಸುವುದಿಲ್ಲ. ಪುರಸಭೆಗೆ ಹಲೋ ಬೇಕಾಗಿದ್ದದ್ದೇ ಇದಕ್ಕೆ. ಮುಖ್ಯಾಧಿಕಾರಿ ವೇದಿಕೆಯ ಮೇಲೆ ಕನ್ನಡಕ ತೆಗೆದು ಒರೆಸಿದರೆ ಅದು ಸಂಜ್ಞೆ. ಹಲೋ ವಾಲ್ಯೂಮಿನ ಬಟನ್ನು ಬಲಕ್ಕೆ ತಿರುಗಿಸುತ್ತಿದ್ದ. ಆಮೇಲೆ ಎದ್ದು ನಿಂತು ವೈರು ಅಲ್ಲಾಡಿಸಿ, "ಲೂಸ್ ಕನೆಕ್ಷನ್ ಸಾರ್" ಎಂದು ಎಲ್ಲರೆದುರು ಬೈಸಿಕೊಳ್ಳುತ್ತಿದ್ದ. ಅದಕ್ಕೆ ಬೇರೆ ಕೂಲಿ ಇರಲಿಲ್ಲ. ಮುಂದಿನ ವರ್ಷವೂ ಕರೆಯುತ್ತಿದ್ದರು, ಅಷ್ಟೇ.

ಹಾಗೆ ಮಾಡಿದ್ದಕ್ಕೆ ಅವನು ಸಂಕಟ ಪಟ್ಟವನಲ್ಲ, ಒಂದು ಸಲದ ಹೊರತು. ಸತ್ತ ಸೈನಿಕನೊಬ್ಬನ ಹೆಂಡತಿಯನ್ನು ವೇದಿಕೆಗೆ ಕರೆದು ಗೌರವಿಸಿದ್ದರು. ಆಯಮ್ಮ ಮೈಕಿನ ಮುಂದೆ ಬಂದು, "ನನ್ನ ಗಂಡ ಕೊನೇ ಸಲ ಮನೆಗೆ ಬಂದಾಗ ಒಂದು ಮಾತು ಹೇಳಿದ್ರು" ಎಂದಳು. ಕನ್ನಡಕ ಒರೆಸಿದ್ದಾಯಿತು. ಹಲೋ ತಿರುಗಿಸಿದ. ಆಯಮ್ಮನ ತುಟಿ ಆಡುತ್ತಿತ್ತು, ಮೈದಾನವೆಲ್ಲ ಕುಯ್ಯೋ ಎನ್ನುತ್ತಿತ್ತು. ಏನು ಹೇಳಿದ್ದ ಆ ಸೈನಿಕ? ಬೇರೆಯವರ ಕಿವಿ ಮುಚ್ಚಿಸುವ ಕೆಲಸದಲ್ಲಿ ತನ್ನ ಕಿವಿಯೂ ಮುಚ್ಚುತ್ತದೆ ಎಂದು ಅವನಿಗೆ ಅವತ್ತೇ ಹೊಳೆದದ್ದು. ತಿಂಗಳು ಕಳೆದರೂ ಹುಳ ಬಿಡಲಿಲ್ಲ. ಆಯಮ್ಮ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಒಂದು ಅಂಗಿ ಹಿಡಿದುಕೊಂಡು ಹೋದ.

"ಅಕ್ಕಾ, ಅವತ್ತು ಮೈಕಲ್ಲಿ ಏನು ಹೇಳ್ತಿದ್ರಿ?"

ಆಯಮ್ಮ ಅಂಗಿಯ ಕಾಲರನ್ನು ಒತ್ತುತ್ತಲೇ ಹೇಳಿದಳು: "ಊರಿಗೆ ಹೇಳೋ ಮಾತಾಗಿತ್ತಪ್ಪ. ನಿನ್ನೊಬ್ಬನ ಅಂಗಿಯಲ್ಲಿ ಸುತ್ತಿ ಕಳಿಸೋಕಾಗಲ್ಲ. ಇನ್ನೊಂದು ತೋಳು ಕೊಡು ಈ ಕಡೆ."

ಮಗಳು ಬೆಳೆದದ್ದು ಇದೇ ಹಾರ್ನುಗಳ ಕೆಳಗೆ. ಆಂಪ್ಲಿಫೈಯರಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದಳು. ಅದು ಬೆಚ್ಚಗಿರುತ್ತೆ, ಚಳಿಗೆ ಒಳ್ಳೆಯದು. "ಇದು ಯಾಕಪ್ಪ ಕಿರುಚುತ್ತೆ?", "ಕಿರುಚದ ಹಾಗೆ ಮಾಡೋದು ಹೇಗೆ?" ಎಂದು ಅಪ್ಪನ ಪ್ರಶ್ನೆಯ ಚಟವನ್ನೇ ಕಲಿತವಳು. ಹಲೋ ಎಲ್ಲವನ್ನೂ ಹೇಳಿಕೊಟ್ಟ. ಓದು ಮುಗಿಸಿ ಪುರಸಭೆಯ ನೀರಿನ ವಿಭಾಗ ಸೇರಿದಳು, ಗುತ್ತಿಗೆಯ ಮೇಲೆ. ಊರ ಹೊರಗಿನ ಪಂಪ್ ಹೌಸಿನಲ್ಲಿ ಮೋಟಾರು ಹಾಕುವುದು, ಒಂದೊಂದು ಬೀದಿಗೆ ಸರದಿಯಂತೆ ವಾಲ್ವ್ ತಿರುಗಿಸಿ ನೀರು ಬಿಡುವುದು. ವಾಲ್ವು ತಿರುಗಿಸುವ, ತಲೆಗೆ ಅಡ್ಡ ಹಿಡಿಯಿದ್ದ ಕಬ್ಬಿಣದ ಕೀಲಿ ಅವಳ ಎದೆಯೆತ್ತರ ಇತ್ತು. ಹೆಂಗಸಿನ ಕೈಲಾಗುವ ಕೆಲಸವಲ್ಲ ಎಂದವರ ಬೀದಿಗೆ ಮೊದಲ ವಾರವೇ ಸರಿಯಾಗಿ ನೀರು ಬಂತು. ಅವಳ ಜೊತೆಗೆ ಇನ್ನಿಬ್ಬರು ಹೆಂಗಸರು ಸೇರಿದರು.

ಹೋದ ವರ್ಷ ಪುರಸಭೆ ಅವಳನ್ನು ಉತ್ತಮ ಕೆಲಸಗಾರ್ತಿಯೆಂದು ಆರಿಸಿತು. ಸ್ವಾತಂತ್ರ್ಯ ದಿನದಂದು ಪ್ರಶಸ್ತಿ, ಒಂದು ಗೋಡೆ ಗಡಿಯಾರ, ಮೈಕಿನಲ್ಲಿ ಎರಡು ಮಾತಾಡುವ ಅವಕಾಶ. ಮಾತು ಏನಿರಬೇಕೆಂದು ಕಚೇರಿಯವರೇ ಟೈಪ್ ಮಾಡಿ ಕೊಟ್ಟಿದ್ದರು. ಅವಳನ್ನು ಕಾಯಂ ಮಾಡುವ ಫೈಲು ಮುಖ್ಯಾಧಿಕಾರಿಯ ಮೇಜಿನ ಮೇಲಿತ್ತು. ಸಹಿ ಒಂದು ಬಾಕಿ.

ಹಲೋ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿಕೊಂಡು ಮೆರೆದ. ತನ್ನ ಮೈಕಿನಲ್ಲಿ ತನ್ನ ಮಗಳು! ಅವಳಿಗೆಂದೇ ಒಂದು ಹೊಸ ಮೈಕು ಕೊಂಡು ತಂದು ಡಬ್ಬಿಯಿಂದ ತೆಗೆದು ನೋಡಿ ಮತ್ತೆ ಡಬ್ಬಿಯಲ್ಲಿಟ್ಟ.

ಹಿಂದಿನ ದಿನ ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದವಳೇ ಬಚ್ಚಲಿಗೆ ಓಡಿದಳು. ದಿನಾ ಹೀಗೇ, ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಹೊರಗೆ ಬಂದು ಚೊಂಬು ಎತ್ತಿ ಗಟಗಟ ನೀರು ಕುಡಿದಳು. ಆಮೇಲೆ ಆ ಟೈಪ್ ಮಾಡಿದ ಹಾಳೆಯನ್ನು ಅಪ್ಪನ ಮುಂದೆ ಇಟ್ಟಳು.

"ಓದಪ್ಪ. 'ಮಾನ್ಯ ಅಧ್ಯಕ್ಷರ ದೂರದೃಷ್ಟಿ', 'ಮಾನ್ಯ ಮುಖ್ಯಾಧಿಕಾರಿಗಳ ಮಾರ್ಗದರ್ಶನ'. ನೀರಿನವಳ ಭಾಷಣ ಇದು. ಇದರಲ್ಲಿ ನೀರು ಅನ್ನೋ ಪದವೇ ಇಲ್ಲ."

"ಇರಲಿ ಬಿಡು ಮಗಾ. ಓದಿ ಇಳಿದು ಬಾ."

"ಇದನ್ನ ಓದಲ್ಲ. ಪಂಪ್ ಹೌಸಿನಲ್ಲಿ ಹೆಂಗಸರಿಗೆ ಕಕ್ಕಸು ಇಲ್ಲ ಅಂತ ಹೇಳ್ತೀನಿ."

ಹಲೋ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. "ಅದಕ್ಕೆ ಅರ್ಜಿ ಕೊಡು."

"ಕೊಟ್ಟಿದ್ದೀನಿ. ಅರ್ಜಿಗಳನ್ನೇ ಒಂದರ ಮೇಲೊಂದು ಪೇರಿಸಿದ್ರೆ ನಾಲ್ಕು ಗೋಡೆ ಏಳ್ತಿತ್ತು."

"ಮಗಾ, ನಾಳೆ ಒಂದು ದಿನ ಬೇಡ. ಬಾವುಟದ ಕೆಳಗೆ ನಿಂತು ಉಚ್ಚೆ ಮಾತು ಆಡ್ತೀಯಾ?"

"ಬಾವುಟಕ್ಕೆ ಅವಮಾನ ಆಗೋದು ನಾನು ಮಾತಾಡಿದ್ರಾ, ಇಲ್ಲಾ ನನಗೆ ಹೊಯ್ಯೋಕೆ ಜಾಗ ಇಲ್ಲದಿದ್ರಾ? ನೀನೇ ಊರಿಗೆಲ್ಲ ಕೇಳ್ಕೊಂಡು ತಿರುಗ್ತೀಯಲ್ಲ, ಸ್ವಾತಂತ್ರ್ಯ ಅಂದ್ರೆ ಏನು ಅಂತ. ನನ್ನನ್ನ ಒಂದು ಸಲನಾದ್ರೂ ಕೇಳಿದ್ದೀಯಾ?"

ಕೇಳಿರಲಿಲ್ಲ. ಮನೆಯಲ್ಲೇ ಇದ್ದವಳನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಕೇಳಬೇಕೆನ್ನಿಸಿತು, ಆದರೆ ಬಾಯಿಗೆ ಬಂದದ್ದು ಬೇರೆ. "ನಿನ್ನ ಫೈಲು ಅವರ ಮೇಜಿನ ಮೇಲಿದೆ."

"ಅದೂ ಗೊತ್ತು. ಇನ್ನೊಂದು ಹೇಳು. ಸಾಹೇಬರು ಕನ್ನಡಕ ತೆಗೆದ್ರೆ ನೀನು ಕುಯ್ ಅನ್ನಿಸ್ತೀಯಾ?"

ಅಪ್ಪನ ಗುಟ್ಟು ಅವಳಿಗೆ ಯಾವಾಗ ತಿಳಿದಿತ್ತೋ. ಹಲೋ ಬಗ್ಗಿ ವೈರಿನ ತುದಿ ಹುಡುಕತೊಡಗಿದ. ತುದಿ ಕೈಯಲ್ಲೇ ಇತ್ತು.

ಪರದೆಯಾಚೆಯಿಂದ ಹೆಂಡತಿ ಕೂಗಿದಳು: "ಅನ್ನಿಸ್ರೀ! ಊರವರ ಮಕ್ಕಳಿಗೆಲ್ಲ ಅನ್ನಿಸಿದ್ದೀರಿ, ನಮ್ಮ ಮಗಳಿಗೆ ಒಳ್ಳೇದಾಗೋ ಕಡೆ ಅನ್ನಿಸೋಕೆ ಏನು ರೋಗ? ಕಾಯಂ ಆಗಲಿ ಮೊದಲು. ಆಮೇಲೆ ಎಲ್ಲಿ ಬೇಕಾದ್ರೂ ನಿಂತು ಮಾತಾಡ್ಲಿ."

"ಅಮ್ಮಾ, ನಿಮ್ಮ ಕಾರ್ಖಾನೆಯಲ್ಲಿ ಕಕ್ಕಸಿಗೆ ಎಷ್ಟು ಹೊತ್ತಿಗೊಂದು ಸಲ ಬಿಡ್ತಾರೆ?" ಎಂದು ಮಗಳು ಕೇಳಿದಳು. ಪರದೆಯಾಚೆ ಪಾತ್ರೆ ಸದ್ದು ಜೋರಾಯಿತು.

ಮಗಳ ಕೆಲಸ ಉಳಿಸಬೇಕು ಎನ್ನುವುದು ಹಲೋಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಆದರೆ ಬೇರೆಯವರ ಬಾಯಿ ಮುಚ್ಚಿಸುವಾಗ ಅದನ್ನು ಹೊಟ್ಟೆಪಾಡು ಎಂದುಕೊಂಡಿದ್ದ. ಮಗಳಿಗೆ ಅದನ್ನೇ ಮಾಡಿದರೆ ಪ್ರೀತಿ ಎನ್ನುವುದೇ? ಬಟನ್ನು ಒಂದೇ, ತಿರುಗಿಸುವ ಕೈ ಒಂದೇ. ಹೆಸರು ಮಾತ್ರ ಬೇರೆಯಾಗುವುದು ಹೇಗೆ ಎಂಬುದೂ ಅವನಿಗೆ ಕುತೂಹಲದ ವಿಷಯವೇ ಆಯಿತು.

ಬೆಳಿಗ್ಗೆ ಮೈದಾನದಲ್ಲಿ ಎಲ್ಲವೂ ಎಂದಿನಂತೆ. ಕೈ ತೊಳೆದ, ಹಾಡು ಹಾಕಿದ, ಬಾವುಟ ಏರಿತು, ಕಣ್ಣು ಒದ್ದೆಯಾಯಿತು. ಅಧ್ಯಕ್ಷರು ಸ್ವಾತಂತ್ರ್ಯ ಎಂದಾಗ ಮುಳ್ಳು ಕೆಂಪು ದಾಟಿತು, ಇಳಿಸಿದ. ಆಮೇಲೆ ಮಗಳನ್ನು ಕರೆದರು. ಸಮವಸ್ತ್ರದ ನೀಲಿ ಅಂಗಿಯಲ್ಲಿ ಬಂದು ಗಡಿಯಾರ ಇಸಕೊಂಡಳು, ಪಕ್ಕದ ಕುರ್ಚಿಯ ಮೇಲಿಟ್ಟಳು. ಹಾಳೆಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ನೀವು ಮುಖ ತೊಳೆದ ನೀರು ನಾನು ಬಿಟ್ಟಿದ್ದು."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಟ್ಟಿದರು.

"ಆದ್ರೆ ನಾನು ಬೆಳಗಿನಿಂದ ಒಂದು ಗುಟುಕು ಕುಡಿದಿಲ್ಲ. ಡ್ಯೂಟಿ ದಿನ ಕುಡಿಯಲ್ಲ. ಯಾಕೆ ಅಂದ್ರೆ..."

ಮುಖ್ಯಾಧಿಕಾರಿಯ ಕೈ ಕನ್ನಡಕಕ್ಕೆ ಹೋಯಿತು. ತೆಗೆದರು. ಕರವಸ್ತ್ರ ಬಿಚ್ಚಿದರು. ಒರೆಸಿದರು.

ಹಲೋ ಬಟನ್ನನ್ನು ಬಲಕ್ಕೆ ತಿರುಗಿಸಿದ. ಹೌದು, ತಿರುಗಿಸಿದ. ಯೋಚಿಸಿ ತಿರುಗಿಸಿದನೋ, ಕೈ ತಾನಾಗಿ ಹೋಯಿತೋ ಎಂದು ನೀವು ಅವನಿಗೆ ರಿಯಾಯಿತಿ ಕೊಡಬೇಕಾಗಿಲ್ಲ. ಅವನೂ ಕೇಳಿಲ್ಲ.

ಕುಯ್ಯೋ ಎನ್ನುವ ಸದ್ದು ಶುರುವಾಯಿತು, ಶುರುವಾದದ್ದು ಅಲ್ಲೇ ಕತ್ತು ಮುರಿದು ಬಿತ್ತು. ಮಗಳು ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ಹಾರ್ನುಗಳಿಂದ ದೂರ, ವೇದಿಕೆಯ ಹಿಂದಿನ ಮೂಲೆಗೆ ಸರಿದುಬಿಟ್ಟಿದ್ದಳು. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿರಲಿಲ್ಲ. ಗೊತ್ತಿಲ್ಲದವರು ಹಾಗೆ ಮುಚ್ಚಿ ಹಿಡಿದು ಇನ್ನೂ ಕಿರುಚಿಸುತ್ತಾರೆ. ಕೆಳಗೆ ಹಿಡಿದು, ತುಟಿಗೆ ತಾಗುವಷ್ಟು ಹತ್ತಿರ ತಂದಿದ್ದಳು. ಚಿಕ್ಕವಳಿದ್ದಾಗ ಅಪ್ಪನೇ ಹೇಳಿಕೊಟ್ಟ ಉಪಾಯ. ಕಿರುಚಲು ದಾರಿ ಸಿಗದೆ, ಅವನು ಏರಿಸಿದ ವಾಲ್ಯೂಮೆಲ್ಲ ಅವಳ ದನಿಗೆ ಬಂದು ಸೇರಿತು. ಅಷ್ಟು ಜೋರಾಗಿ ಆ ಮೈದಾನದಲ್ಲಿ ಮಂತ್ರಿಗಳೂ ಮಾತಾಡಿರಲಿಲ್ಲ.

"ಯಾಕೆ ಅಂದ್ರೆ ಕುಡಿದ್ರೆ ಹೋಗಬೇಕಾಗುತ್ತೆ. ಹೋಗೋಕೆ ಜಾಗ ಇಲ್ಲ. ಗಂಡಸರು ಗೋಡೆ ಕಡೆ ತಿರುಗಿ ನಿಲ್ತಾರೆ. ನಾವು ಎಲ್ಲಿ ಕೂರೋಣ?"

ಹಲೋನ ಬೆರಳು ಇನ್ನೂ ಬಟನ್ನಿನ ಮೇಲಿತ್ತು. ಎಡಕ್ಕೆ ತಿರುಗಿಸಿದ್ದರೆ ದನಿ ಪಟ್ಟನೆ ಇಳಿದು ಹೋಗುತ್ತಿತ್ತು. ಪ್ಲಗ್ಗು ಕಾಲಿನ ಪಕ್ಕದಲ್ಲೇ ಇತ್ತು, ಒಂದು ಒದೆತಕ್ಕೆ ಎಲ್ಲ ಮುಗಿಯುತ್ತಿತ್ತು. ಸಾಹೇಬರು ಕನ್ನಡಕವನ್ನು ಗಾಜು ಸವೆಯುವಂತೆ ಉಜ್ಜುತ್ತಿದ್ದರು. ಆದರೆ ಬಾಯಿ ಮುಚ್ಚಿಸಬೇಕಾದವರ ಮುಂದಿನ ಮಾತು ಅವನ ಕಿವಿಗೆ ಬೀಳುತ್ತಿದ್ದದ್ದು ಇದೇ ಮೊದಲು. ಮುಂದೇನು? ಇವಳು ಮುಂದೇನು ಹೇಳುತ್ತಾಳೆ? ಬಟನ್ನಿನಿಂದ ಬೆರಳು ತೆಗೆದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ನನ್ನ ಜೊತೆಯವಳೊಬ್ಬಳು ಹೀಗೇ ತಡೆದು ತಡೆದು ಸೋಂಕು ಹತ್ತಿ ಆಸ್ಪತ್ರೆ ಸೇರಿದ್ದಳು. ಅವತ್ತೂ ನಿಮ್ಮ ಬೀದಿಗೆ ನೀರು ಬಂತು. ಸ್ವಾತಂತ್ರ್ಯದ ಬಗ್ಗೆ ಮಾತಾಡು ಅಂದಿದ್ದಾರೆ. ದೊಡ್ಡ ಮಾತು ನನಗೆ ಬರಲ್ಲ. ಬಾಯಾರಿದಾಗ ಹೆದರದೆ ಒಂದು ಲೋಟ ನೀರು ಕುಡಿಯೋದು. ನನ್ನ ಮಟ್ಟಿಗೆ ಅದು ಇಷ್ಟೇ. ಅದು ನನಗಿನ್ನೂ ಬಂದಿಲ್ಲ. ನಮಸ್ಕಾರ."

ಆ ದನಿ ಬಸ್ ನಿಲ್ದಾಣ ದಾಟಿ ಬ್ರೆಡ್ ಕಾರ್ಖಾನೆ ತನಕ ಹೋಯಿತಂತೆ. ಅಲ್ಲಿ ಅವತ್ತೂ ರಜೆಯಿಲ್ಲದೆ ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರಂತೆ. ಮೇಸ್ತ್ರಿ ಗದರಿದಾಗ ಹಲೋನ ಹೆಂಡತಿ, "ನಿಂತ್ಕೊಳ್ಳಿ, ನನ್ನ ಮಗಳು ಮಾತಾಡ್ತಿದ್ದಾಳೆ" ಎಂದಳಂತೆ. ಹಿಂದಿನ ಸಂಜೆ ಕುಯ್ ಅನ್ನಿಸಿ ಎಂದವಳೂ ಅವಳೇ.

ಮೈದಾನದಲ್ಲಿ ಹಿಂದಿನ ಸಾಲಿನಲ್ಲಿದ್ದ ಕಸ ಗುಡಿಸುವ ಹೆಂಗಸರು ತಟ್ಟಿದ ಚಪ್ಪಾಳೆ ಮುಂದಿನ ಸಾಲಿನ ತನಕ ಬಂತು. ಮುಂದಿನ ಸಾಲು ತಟ್ಟಲಿಲ್ಲ.

ಕಾರ್ಯಕ್ರಮ ಮುಗಿದ ಕೂಡಲೇ ಸಾಹೇಬರು ಆಂಪ್ಲಿಫೈಯರಿನ ಬಳಿ ಬಂದರು. "ಕನ್ನಡಕ ಒರೆಸಿದ್ದು ಕಾಣಲಿಲ್ವೇನೋ?"

"ಕಾಣ್ತು ಸಾರ್. ತಿರುಗಿಸಿದೆ ಸಾರ್."

"ತಿರುಗಿಸಿದ್ಯಾ? ಊರಿಗೆಲ್ಲ ಕೇಳೋ ಹಾಗೆ ಏರಿಸಿದ್ದೀಯಲ್ಲೋ ಬಡ್ಡಿಮಗನೇ! ಮಗಳ ಜೊತೆ ಸೇರಿ ನಾಟಕ ಆಡ್ತೀಯಾ?"

"ದೇವರಾಣೆಗೂ ಸಾರ್, ಬಾಯಿ ಮುಚ್ಚಿಸೋಕೇ ಏರಿಸಿದ್ದು."

ಯಾರು ನಂಬುತ್ತಾರೆ? ಸಾಹೇಬರು ನಂಬಲಿಲ್ಲ. ಇತ್ತ ಕಸ ಗುಡಿಸುವವರು ಬಂದು ಬೆನ್ನು ತಟ್ಟಿದರು. "ಎಂಥಾ ಅಪ್ಪ ನೋಡು, ಮಗಳ ಮಾತಿಗೆ ಇದ್ದಬದ್ದ ವಾಲ್ಯೂಮ್ ಎಲ್ಲ ಕೊಟ್ಟ!" ಪೆಂಡಾಲಿನವನು, "ಲೇ ಹಲೋ, ನಿನ್ನ ಎದೆ ಇಷ್ಟು ದಪ್ಪ ಇದೆ ಅಂತ ಗೊತ್ತೇ ಇರಲಿಲ್ಲ ಕಣೋ" ಎಂದ. "ನಾನಲ್ಲ, ಹಾಗಲ್ಲ" ಎಂದರೆ ವಿನಯ ಎಂದುಕೊಂಡರು. ಬೈದವರು ಮಾಡದ ತಪ್ಪಿಗೆ ಬೈದರು, ಹೊಗಳಿದವರು ಮಾಡದ ಒಳ್ಳೆಯದಕ್ಕೆ ಹೊಗಳಿದರು. ಅವನಿಗೆ ಬೈಗುಳಕ್ಕಿಂತ ಹೊಗಳಿಕೆಯೇ ಚುಚ್ಚಿತು.

ಸಂಜೆ ಮೂವರೂ ಅಡುಗೆಮನೆಯಲ್ಲಿ ಕೂತರು. ಗೋಡೆ ಗಡಿಯಾರ ಡಬ್ಬಿಯಲ್ಲೇ ಇತ್ತು. ಹೆಂಡತಿ ಯಾವತ್ತೂ ಇಲ್ಲದಂತೆ ಮೊದಲು ಗಂಡನಿಗೆ ಬಡಿಸಿ, "ಪರವಾಗಿಲ್ಲ ರೀ ನೀವು" ಎಂದಳು. ಹಲೋ ತಟ್ಟೆ ಮುಟ್ಟಲಿಲ್ಲ.

"ಮಗಾ, ಒಂದು ವಿಷಯ. ನಾನು ಅವತ್ತು... ಅಂದ್ರೆ ಇವತ್ತು. ಬಟನ್ನು ತಿರುಗಿಸಿದ್ದು ನಿನ್ನ ದನಿ ಏರಿಸೋಕಲ್ಲ. ನಿನ್ನ ಬಾಯಿ ಮುಚ್ಚಿಸೋಕೆ."

ಬಡಿಸುತ್ತಿದ್ದ ಸೌಟು ಗಾಳಿಯಲ್ಲಿ ನಿಂತಿತು. ಮಗಳು ತಲೆ ಎತ್ತದೆ, "ಗೊತ್ತು. ನಿನ್ನ ಕೈ ನೋಡ್ತಾನೇ ಇದ್ದೆ. ಅದಕ್ಕೇ ಹಿಂದೆ ಸರಿದೆ" ಎಂದಳು.

"ಆಮೇಲೆ ಇಳಿಸಬಹುದಿತ್ತು. ಇಳಿಸಲಿಲ್ಲ."

"ಯಾಕೆ?"

"ಮುಂದೇನು ಹೇಳ್ತೀಯ ಅಂತ ಕೇಳ್ಬೇಕಿತ್ತು."

ಮಗಳು ತಟ್ಟೆಯನ್ನು ಅವನ ಕಡೆ ಸರಿಸಿದಳು. "ನನ್ನ ಮೇಲೆ ಸಿಟ್ಟಿದೆಯಾ?" ಎಂದು ಅವನು ಕೇಳಿದ.

"ಇದೆ. ಊಟ ಮಾಡು."

ಕಾಯಂ ಮಾಡುವ ಫೈಲು ಮೇಜಿನಿಂದ ಕಪಾಟಿಗೆ ಹೋಯಿತು. ಅವಳನ್ನು ಊರಾಚೆಯ ದೂರದ ಟ್ಯಾಂಕಿಗೆ ಹಾಕಿದರು. ಅಲ್ಲಿ ಗಂಡಸರ ಗೋಡೆಯೂ ಇಲ್ಲ, ಬಟಾಬಯಲು. ಮೊದಲಿದ್ದ ಪಂಪ್ ಹೌಸಿನಲ್ಲಿ ಮಾತ್ರ ಜನ ಗಲಾಟೆ ಮಾಡಿದ್ದರಿಂದ ಕಕ್ಕಸಿಗೆ ಅಡಿಗಲ್ಲು ಹಾಕಿದ್ದಾರೆ. ಕಲ್ಲಿನ ಮೇಲೆ ಅಧ್ಯಕ್ಷರ ಹೆಸರು ದೊಡ್ಡದಾಗಿದೆ. ಆ ಕಲ್ಲಿನ ಮರೆಯಲ್ಲಿ ಒಂದು ಬೆಕ್ಕು ಕೂರಬಹುದು, ಹೆಂಗಸು ಕೂರಲಾರಳು.

ಈ ವರ್ಷದ ಸ್ವಾತಂತ್ರ್ಯ ದಿನಕ್ಕೆ ಪಕ್ಕದ ಊರಿನಿಂದ ಮೈಕ್‌ಸೆಟ್ ತರಿಸಿದರು. ಹಲೋ ಹೋಗಬಾರದೆಂದಿದ್ದವನು ಹೋದ. ಜನರ ನಡುವೆ ನಿಂತ. ಮುಂದೆ ಬಟನ್ನು ಇಲ್ಲ, ಮುಳ್ಳಿಲ್ಲ, ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹಾಡು ಶುರುವಾದಾಗ ಎಲ್ಲರಂತೆ ಬಾಯಿ ತೆರೆದ. ನಡುವಿನ ಸಾಲುಗಳು ಅವನಿಗೆ ಬರುತ್ತಲೇ ಇರಲಿಲ್ಲ! ಇಷ್ಟು ವರ್ಷ ಮುಳ್ಳು ನೋಡುತ್ತಾ ಕೂತವನು ಒಮ್ಮೆಯೂ ಹಾಡಿರಲಿಲ್ಲ. ಪಕ್ಕದವನ ತುಟಿ ನೋಡಿಕೊಂಡು ಆಡಿಸಿದ. ಆದರೂ ಏರುದನಿಯ ಸಾಲು ಬಂದಾಗ ಕಣ್ಣು ಒದ್ದೆಯಾಯಿತು. ಮಗಳಿಗೆ ಹಾಗೆ ಮಾಡಿದವರೇ ಆ ಬಾವುಟದ ಹಗ್ಗ ಹಿಡಿದು ನಿಂತಿದ್ದರು, ಅದನ್ನು ನೋಡಿ ಸಿಟ್ಟು ಉಕ್ಕುತ್ತಿತ್ತು.

ಅಲ್ಲಿಂದ ಸೈಕಲ್ಲು ಹತ್ತಿ ನೇರ ದೂರದ ಟ್ಯಾಂಕಿಗೆ ಹೋದ. ರಜೆಯ ದಿನವೂ ಬೀದಿಗಳಿಗೆ ನೀರು ಬೇಕಲ್ಲ. ಮಗಳು ವಾಲ್ವಿನ ಕೀಲಿಗೆ ಎದೆ ಕೊಟ್ಟು ತಿರುಗಿಸುತ್ತಿದ್ದಳು. ಹಲೋ ಇನ್ನೊಂದು ತುದಿ ಹಿಡಿದ.

"ಮಗಾ, ಒಂದು ಡೌಟು. ಸಿಟ್ಟೂ ಬಂತು, ಅಳೂ ಬಂತು. ಒಂದೇ ಸಲ ಎರಡೂ ಹೇಗೆ ಆಗುತ್ತೆ?"

ಮಗಳು ಬೆವರು ಒರೆಸಿಕೊಂಡಳು. "ನಿನ್ನ ಮೇಲೂ ನನಗೆ ಎರಡೂ ಇದೆಯಲ್ಲಪ್ಪ. ತಳ್ಳು, ಇನ್ನೂ ಅರ್ಧ ಸುತ್ತು."

ಪೈಪಿನೊಳಗೆ ನೀರು ಗುಡುಗಿಕೊಂಡು ಊರಿನ ಕಡೆ ಓಡಿತು. ಹಲೋ ತಾನು ತಂದಿದ್ದ ಬಾಟಲಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ಅವಳು ಸುತ್ತಲಿನ ಬಯಲನ್ನು ಒಮ್ಮೆ ನೋಡಿ, ಬೇಡ ಎಂದು ತಲೆಯಾಡಿಸಿದಳು.

ಇದನ್ನು ಓದುತ್ತಿರುವ ನೀವು ಇವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದ್ದೀರಿ, ನೀರು ಬಂದಿದೆ. ಯಾರೋ ಬಿಟ್ಟಿದ್ದಕ್ಕೆ ಬಂದಿದೆ. ನಿಮ್ಮ ಊರಿನ ಪಂಪ್ ಹೌಸು ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋಗಿ. ಅಲ್ಲಿ ದುಡಿಯುವ ಹೆಂಗಸನ್ನು, "ಅಕ್ಕಾ, ಇವತ್ತು ನೀರು ಕುಡಿದ್ರಾ?" ಎಂದು ಕೇಳಿ. ಇಲ್ಲ ಎಂದರೆ ತಿರುಗಿ ಮನೆಗೆ ಬರಬೇಡಿ. ಅಲ್ಲಿಂದ ನೇರ ಪುರಸಭೆಗೆ ಹೋಗಿ, ಸಾಹೇಬರ ಮೇಜಿನ ಮುಂದೆ ನಿಂತು, ಯಾಕೆ ಎಂದು ಕೇಳಿ. ನಾಲ್ಕು ಗೋಡೆ, ಒಂದು ಬಾಗಿಲು, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಏಳುವ ತನಕ ದಿನಾ ಹೋಗಿ ಕೇಳಿ.